ಸ್ಯಾನ್ ಬ್ರೂನೋದ ಆ ಅಜ್ಜನಿಗೆ ಥ್ಯಾಂಕ್ಸ್

ನಾನು ತೀರ್ಥಹಳ್ಳಿಯವಳು, ಗಂಡನ ಮನೆಯವರು ಚೀನಾ ಮೂಲದವರು. ಅತ್ತೆಗೆ ತಮ್ಮ ತಾತನ ಊರು ಯಾವುದು ಅಂತ ತಿಳಿಯಬೇಕಿತ್ತು. ತಾತ ಅಮೆರಿಕಕ್ಕೆ ಬಂದಿದ್ದು ಚೀನೀಯರಿಗೆ ಬಾಗಿಲು ಹಾಕಿದ್ದ ಕಾಲದಲ್ಲಿ (1882ರಿಂದ 1943), ಬೇರೆ ಯಾರದೋ ಮಗ ಅಂತ ದುಡ್ಡು ಕೊಟ್ಟು ಕೊಂಡ ಕಾಗದದ ಮೇಲೆ. ಹಾಗಾಗಿ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿರುವ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ ಫೈಲೇನೋ ಸಿಕ್ಕಿತು, ಅದರಲ್ಲಿದ್ದದ್ದು ಸುಳ್ಳು ಹೆಸರು. ಹಡಗಿನಲ್ಲಿ ಬಂದವರನ್ನು ತಡೆದು ವಿಚಾರಿಸುತ್ತಿದ್ದ ಏಂಜಲ್ ದ್ವೀಪದಲ್ಲಿ, ನಿಜವಾದ ಮಗನೇ ಅಂತ ಪರೀಕ್ಷಿಸಲು ಅಧಿಕಾರಿಗಳು ಕೇಳಿದ್ದೆಲ್ಲ ಇತ್ತು, ಊರ ಬಾವಿ ಎಲ್ಲಿದೆ, ಎರಡನೇ ಸಾಲಿನ ಮೂರನೇ ಮನೆ ಯಾರದು ಅಂತ. ಉತ್ತರ ಉರುಹೊಡೆದದ್ದು, ನಂಬೋದು ಹೇಗೆ?

ಪಕ್ಕದ ಮೇಜಿನ ಅಜ್ಜ ನಮ್ಮ ಮುಖ ನೋಡಿ, "ಸಮಾಧಿ ಕಲ್ಲಿನ ಫೋಟೋ ಇದೆಯಾ?" ಅಂದರು. ಹತ್ತಿರದ ಕೋಲ್ಮಾ ಊರಿನ ಸ್ಮಶಾನದಲ್ಲಿ ತೆಗೆದದ್ದು ಫೋನಲ್ಲಿತ್ತು. ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ಓದಿದರು. ಇಂಗ್ಲಿಷಿನಲ್ಲಿ ಕಾಗದದ ಹೆಸರು, ಚೀನೀ ಅಕ್ಷರದಲ್ಲಿ ನಿಜವಾದ ಮನೆತನ, ಊರು ಎರಡೂ! ಗ್ವಾಂಗ್‌ಡಾಂಗ್‌ನ ತೈಶಾನ್ ಕಡೆಯ ಹಳ್ಳಿ. ಅತ್ತೆಗೆ ಚೀನೀ ಓದಲು ಬರಲ್ಲ, ಅದಕ್ಕೆ ಪೆನ್ಸಿಲಿನಲ್ಲಿ ಒಂದೊಂದೇ ಗೆರೆ ದೊಡ್ಡದಾಗಿ ಬರೆದು, ಅವರ ಕೈಯಲ್ಲೂ ಬರೆಸಿದರು. "ಅಲ್ಲಿ ವಂಶಾವಳಿ ಪುಸ್ತಕ ಇಟ್ಟುಕೊಂಡಿರುವವರಿಗೆ ಈ ಚೀಟಿ ತೋರಿಸಿ, ಫೈಲ್ ಅಲ್ಲ."

ಅತ್ತೆ ಅವತ್ತು ಸರಿಯಾಗಿ ಊಟ ಮಾಡಿದರು. ಅಜ್ಜನನ್ನೂ ಕರೆದೆವು, ಬರಲೇ ಇಲ್ಲ ಮಾರಾಯ್ರೆ, ತಮ್ಮ ಫೈಲ್ ಇನ್ನೂ ಅರ್ಧ ಬಾಕಿ ಇದೆಯಂತೆ.