ಕಾಯಿಸಿದವರಿಗೆ ಮೊದಲ ಥ್ಯಾಂಕ್ಸ್

ಯಕ್ಷಗಾನದ ಆಟಗಳು ನಿಲ್ಲುವ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ, ಕನ್ನಡಕ ಬಿಡಲೆಂದು ನಾನು ಎರಡೂ ಕಣ್ಣಿಗೆ ಲೇಸರ್ ಮಾಡಿಸಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಮೊನ್ನೆ ತಪಾಸಣೆಗೆ ಹೋದಾಗ ಡಾಕ್ಟರು ಚಾರ್ಟಿನ ಸಣ್ಣ ಅಕ್ಷರದ ಸಾಲಿನವರೆಗೂ ಓದಿಸಿ, "ಸ್ಟೀರಾಯ್ಡ್ ಡ್ರಾಪ್ಸ್ ಇನ್ನು ಸಾಕು" ಎಂದರು. ಆ ಮಾತಿಗಾಗಿಯೇ ಕಾಯುತ್ತಿದ್ದೆ. ಪೂರ್ತಿ ವಾಸಿಯಾದ ಮೇಲೆಯೇ ಬರೆಯಬೇಕು ಎಂದಿತ್ತು. ಇಷ್ಟು ಜನ ನನಗಾಗಿ ಓಡಾಡಿದ್ದೀರಿ. ಬರೀ ಫೋನಿನಲ್ಲಿ ಹೇಳಿ ಮುಗಿಸಿದರೆ ನನಗೇ ಸಮಾಧಾನ ಇಲ್ಲ. ಅದರಲ್ಲೂ "ನಿಲ್ಲು, ಸ್ವಲ್ಪ ನೋಡುವ" ಎಂದು ನನ್ನನ್ನು ತಡೆದವರ ಋಣ ಜಾಸ್ತಿ.

ಶುರು ಮಾಡುವುದು ನಮ್ಮ ಸರಕಾರಿ ಶಾಲೆಯ ಟೀಚರಿಂದ. ನಾಲ್ಕನೇ ಕ್ಲಾಸಿನಲ್ಲಿ ನಾನು ಬೋರ್ಡು ನೋಡದೆ ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿದ್ದುದನ್ನು ಗಮನಿಸಿದವರು ಅವರು. ಬೈಯಲಿಲ್ಲ. ಅಮ್ಮನನ್ನು ಕರೆಸಿ, "ಇವಳಿಗೆ ಓದು ಬರ್ತದೆ, ಬೋರ್ಡೇ ಕಾಣುವುದಿಲ್ಲ" ಎಂದರು. ಆ ವಾರವೇ ಅಪ್ಪ ಪುತ್ತೂರಿಗೆ ಕರೆದುಕೊಂಡು ಹೋಗಿ ಕನ್ನಡಕ ಮಾಡಿಸಿದರು. ಆಮೇಲೆ ವರ್ಷ ವರ್ಷವೂ ಪವರ್ ಏರುತ್ತಾ ಹೋಗಿ ಮೈನಸ್ 5.5ಕ್ಕೆ ಬಂದು ನಿಂತಿತು. ಆ ಪವರಿನಲ್ಲಿ ಕನ್ನಡಕ ತೆಗೆದರೆ, ಒಂದು ಗೇಣಿಗಿಂತಲೂ ಹತ್ತಿರ ಇದ್ದದ್ದು ಮಾತ್ರ ಸರಿಯಾಗಿ ಕಾಣುತ್ತದೆ.

ಕನ್ನಡಕದ ಮೇಲೆ ನನಗೆ ಕೋಪವಿಲ್ಲ. ಓದಿಗೂ, ಸೊಸೈಟಿಯ ಲೆಕ್ಕದ ಕೆಲಸಕ್ಕೂ ಅದೇ ಜೊತೆಗಿತ್ತು. ಕಷ್ಟ ಆದದ್ದು ರಂಗಸ್ಥಳದಲ್ಲಿ. ನಮ್ಮ ಹವ್ಯಾಸಿ ಯಕ್ಷಗಾನ ಸಂಘದಲ್ಲಿ ನನ್ನದು ಪುಂಡುವೇಷ, ಅಂದರೆ ಎಳೆಯ ವೀರರ ಪಾತ್ರ. ಅಭಿಮನ್ಯುವಿಗೆ ಕನ್ನಡಕ ಹಾಕಲು ಆಗುತ್ತದಾ? ಚೌಕಿಯಲ್ಲಿ ಬಣ್ಣ ಹಚ್ಚುವಾಗಲೇ ತೊಂದರೆ ಶುರು. ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ಕೂತು ಹುಬ್ಬು ತೀಡಬೇಕು. ರಂಗಕ್ಕೆ ಹೋದರೆ ಭಾಗವತರ ಮುಖ ಮಬ್ಬು. ಪದ್ಯ ಎತ್ತಿದ್ದು ಕಿವಿಗೆ ಗೊತ್ತಾಗುತ್ತದೆ, ಆದರೆ ಅವರು ಕಣ್ಣಲ್ಲೇ ಕೊಡುವ ಸೂಚನೆ ತಪ್ಪಿಹೋಗುತ್ತದೆ. ಚಕ್ರವ್ಯೂಹದಲ್ಲಿ ಸುತ್ತ ಎಲ್ಲರೂ ಬಿಲ್ಲು ಹಿಡಿದು ನಿಂತಿರುವಾಗ ಗಿರಕಿ ಹೊಡೆದು ದಿಗಿಣ ಹಾರಿದರೆ, ಕಾಲೂರುವ ಜಾಗ ಬರೀ ಅಂದಾಜು. ವೇದಿಕೆಯ ಅಂಚು ಎಲ್ಲಿಗೆ ಬರುತ್ತದೆ ಎಂದು ಆಟಕ್ಕೆ ಮೊದಲೇ ಹೆಜ್ಜೆ ಹಾಕಿ ಅಳೆದುಕೊಳ್ಳುತ್ತಿದ್ದೆ. ನನ್ನ ಎದುರು ದ್ರೋಣ, ಕರ್ಣ, ಜಯದ್ರಥ ಮಾಡಿದವರೇ, ಅಂಚಿಗೆ ಹೋದ ನನ್ನ ಭುಜ ಹಿಡಿದು ಯಾರಿಗೂ ಗೊತ್ತಾಗದ ಹಾಗೆ ಎಷ್ಟು ಸಲ ಒಳಗೆ ಎಳೆದಿದ್ದೀರಿ! ನೋಡುವವರಿಗೆ ಅದು ಯುದ್ಧದ ಹೆಜ್ಜೆಯ ಹಾಗೇ ಕಂಡಿತು. ನನಗೆ ಮಾತ್ರ ಗೊತ್ತು.

ಕೆಲವು ವರ್ಷ ಕಾಂಟ್ಯಾಕ್ಟ್ ಲೆನ್ಸ್ ಕೈ ಹಿಡಿಯಿತು. ಬೆಳಗಿನವರೆಗಿನ ಆಟದಲ್ಲಿ ಮಾತ್ರ ಅದು ಒಣಗಿ ಕಣ್ಣಿಗೆ ಅಂಟುತ್ತಿತ್ತು. ಮುಖಕ್ಕೆ ಹಚ್ಚುವ ಬಿಳಿ ಸಫೇತದ ಪುಡಿ, ಬೆವರು, ದೀಪದ ಬಿಸಿ ಎಲ್ಲ ಸೇರಿ ಒಮ್ಮೆ ಕಣ್ಣು ಕೆಂಪಾಗಿ ನೀರು ಸುರಿಯಲು ಶುರುವಾಯಿತು. ಊರಿನ ಕಣ್ಣಿನ ಡಾಕ್ಟರು ಇನ್ನು ಲೆನ್ಸ್ ಹಾಕಿ ಬಣ್ಣ ಹಚ್ಚಬೇಡಿ ಎಂದುಬಿಟ್ಟರು. ಲೇಸರಿನ ಯೋಚನೆ ಗಟ್ಟಿಯಾದದ್ದು ಆಗ.

ಮೊದಲು ಹೋದ ಕಡೆ ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಪವರ್ ನೋಡಿದರು, ಒಂದು ಸ್ಕ್ಯಾನ್ ಮಾಡಿದರು, ಕೌಂಟರಿನಲ್ಲಿ ರೇಟಿನ ಕಾಗದ ಕೊಟ್ಟು "ಈ ವಾರ ಬುಕ್ ಮಾಡಿದರೆ ರಿಯಾಯಿತಿ ಉಂಟು" ಎಂದರು. ನನಗೆ ಖುಷಿಯೇ ಆಗಿತ್ತು. ಅಮ್ಮ ಒಪ್ಪಲಿಲ್ಲ. "ಅವರು ನಿನ್ನ ಹತ್ತಿರ ಒಂದು ಪ್ರಶ್ನೆಯೂ ಕೇಳಲಿಲ್ಲ ಅಲ್ವಾ ಮಗಾ?" ಎಂದರು. ಅಮ್ಮನಿಗೆ ಲೇಸರ್ ಎಂದರೆ ಹೆದರಿಕೆ ಇತ್ತು, ನಿಜ. ಆದರೂ ಬೇಡ ಅನ್ನಲಿಲ್ಲ, ಇನ್ನೊಬ್ಬರಿಗೆ ತೋರಿಸು ಎಂದರು. ಅಮ್ಮಾ, ಆ ಒಂದು ಮಾತಿಗೆ ನಿನಗೆ ಏನು ಕೊಟ್ಟರೂ ಸಾಲದು.

ಮಂಗಳೂರಿನ ಎರಡನೇ ಡಾಕ್ಟರು ಕೇಳಿದ್ದೇ ಪ್ರಶ್ನೆ. ಏನು ಕೆಲಸ? ಕಣ್ಣು ಉಜ್ಜುವ ಅಭ್ಯಾಸ ಉಂಟಾ? ಒಂದು ವರ್ಷದಿಂದ ಪವರ್ ಬದಲಾಗಿದೆಯಾ? ಮನೆಯಲ್ಲಿ ಯಾರಿಗಾದರೂ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ತೊಂದರೆ ಇತ್ತಾ? ಲೆನ್ಸ್ ಹಾಕುತ್ತೇನೆ ಎಂದ ಕೂಡಲೇ, "ಹಾಗಾದರೆ ಇವತ್ತು ಸ್ಕ್ಯಾನ್ ಬೇಡ. ಎರಡು ವಾರ ಲೆನ್ಸ್ ಬಿಟ್ಟು ಬನ್ನಿ. ಲೆನ್ಸಿನಿಂದ ಕಾರ್ನಿಯಾದ ಆಕಾರ ಬದಲಾಗಿದ್ದರೆ ಅಳತೆ ತಪ್ಪುತ್ತದೆ" ಎಂದು ವಾಪಸ್ ಕಳಿಸಿದರು. ಮತ್ತೆ ಹೋದಾಗ ಕೆಳರೆಪ್ಪೆಗೆ ಪುಟ್ಟ ಕಾಗದದ ಪಟ್ಟಿ ಸಿಕ್ಕಿಸಿ, 5 ನಿಮಿಷ ಕೂರಿಸಿ, ಕಣ್ಣೀರು ಎಷ್ಟು ಬರುತ್ತದೆ ಎಂದು ಅಳೆದರು. ಕಾರ್ನಿಯಾದ ಹಿಂದೆ ಮುಂದೆ ಎರಡೂ ಕಡೆಯ ನಕ್ಷೆ ತೆಗೆದರು. ಕಾರ್ನಿಯಾ ತೆಳುವಾಗುತ್ತಾ ಉಬ್ಬಿಕೊಳ್ಳುವ ಕೆರಟೋಕೋನಸ್ ಎಂಬ ಕಾಯಿಲೆ ಉಂಟು. ಅದರ ಸುಳಿವಿದ್ದವರಿಗೆ ಈ ಲೇಸರ್ ಮಾಡಿದರೆ ಕಣ್ಣು ಇನ್ನಷ್ಟು ಕೆಡಬಹುದು. ನನಗೆ ಅದು ಇರಲಿಲ್ಲ.

ಕೊನೆಗೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ ನೋಡಿದರು. ಎಡಗಣ್ಣಿನ ರೆಟಿನಾದ ಅಂಚಿನಲ್ಲಿ ಒಂದು ತೆಳು ಜಾಗ, ಅದರಲ್ಲಿ ಸಣ್ಣ ತೂತು. ಮೈನಸ್ ಪವರ್ ಜಾಸ್ತಿ ಇದ್ದವರ ಕಣ್ಣುಗುಡ್ಡೆ ಉದ್ದ ಇರುತ್ತದೆ, ಅದಕ್ಕೆ ರೆಟಿನಾ ಹೀಗೆ ತೆಳುವಾಗುವುದುಂಟು. ಹಾಗೇ ಬಿಟ್ಟರೆ ರೆಟಿನಾ ಕಳಚಿ ಬರುವ ಅಪಾಯ. ರೆಟಿನಾ ಡಾಕ್ಟರು ಬೇರೆ ಬಗೆಯ ಲೇಸರಿನಿಂದ ತೂತಿನ ಸುತ್ತ ಭದ್ರ ಮಾಡಿದರು. ಅದು ಗಟ್ಟಿಯಾಗಲಿ ಎಂದು ಮತ್ತೆ ಕಾಯಬೇಕಾಯಿತು. ಆಗ ನನಗೆ ಬೇಸರ ಬಂದದ್ದು ಹೌದು. ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ರಿಯಾಯಿತಿಯ ವಾರದಲ್ಲಿ ಆ ತೂತನ್ನು ಯಾರು ನೋಡುತ್ತಿದ್ದರು?

ಯಾವ ಬಗೆಯ ಲೇಸರ್ ಎಂಬುದೂ ಸುಲಭದಲ್ಲಿ ತೀರ್ಮಾನ ಆಗಲಿಲ್ಲ. ಲಾಸಿಕ್‌ನಲ್ಲಿ ಕಾರ್ನಿಯಾದ ಮೇಲಿನ ತೆಳು ಪದರವೊಂದನ್ನು ಕತ್ತರಿಸಿ, ಬಾಗಿಲಿನ ಹಾಗೆ ತೆರೆದು, ಒಳಗೆ ಲೇಸರ್ ಹಾಯಿಸಿ ಕಾರ್ನಿಯಾವನ್ನು ಚೂರು ಸವೆಸಿ ಮತ್ತೆ ಮುಚ್ಚುತ್ತಾರೆ. ನೋವು ಕಡಿಮೆ, ಹೆಚ್ಚಿನವರಿಗೆ ಮರುದಿನವೇ ಚೆನ್ನಾಗಿ ಕಾಣುತ್ತದೆ. ನನಗೂ ಅದೇ ಬೇಕಿತ್ತು. ಡಾಕ್ಟರು ಕಾಗದದ ಮೇಲೆ ಲೆಕ್ಕ ಬಿಡಿಸಿ ತೋರಿಸಿದರು. ಸಾಮಾನ್ಯವಾಗಿ ಕಾರ್ನಿಯಾ 540 ಮೈಕ್ರಾನಿನ ಆಸುಪಾಸು, ಅಂದರೆ ಅರ್ಧ ಮಿಲಿಮೀಟರಿಗಿಂತ ಚೂರು ದಪ್ಪ. ನನ್ನದು 490. ಒಂದು ಪವರ್ ಇಳಿಸಲು ಸುಮಾರು 12ರಿಂದ 15 ಮೈಕ್ರಾನ್ ತೆಗೆಯಬೇಕು. ಪದರಕ್ಕೇ 100ಕ್ಕಿಂತ ಜಾಸ್ತಿ ಹೋದರೆ ಕೆಳಗೆ ಉಳಿಯುವುದು ಕಡಿಮೆ. ಇನ್ನೊಂದು ಕಾರಣವೂ ಇತ್ತು. ನಾನು ಯಕ್ಷಗಾನ ಎಂದದ್ದು ಅವರಿಗೆ ನೆನಪಿತ್ತು. "ಬಿಲ್ಲಿನ ತುದಿಯೋ, ಯಾರದ್ದಾದರೂ ಮೊಣಕೈಯೋ ಕಣ್ಣಿಗೆ ಬಡಿದರೆ ಆ ಪದರ ವರ್ಷಗಳ ನಂತರವೂ ಜರುಗಬಹುದು. ನಿಮಗೆ ಪದರ ಕತ್ತರಿಸದ ಪಿಆರ್‌ಕೆ ಎಂಬ ಲೇಸರ್ ಒಳ್ಳೆಯದು. ಮೂರು ನಾಲ್ಕು ದಿನ ನೋವು ಇರುತ್ತದೆ. ದೃಷ್ಟಿ ತಿಳಿಯಾಗಲು ವಾರಗಟ್ಟಲೆ ಹಿಡಿಯುತ್ತದೆ. ಮನೆಯಲ್ಲಿ ಮಾತಾಡಿ ಹೇಳಿ" ಎಂದರು. ನನ್ನ ವೇಷವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಚಿಕಿತ್ಸೆ ಆರಿಸಿದ ಡಾಕ್ಟರಿಗೆ ಕೈಮುಗಿಯದೆ ಇನ್ಯಾರಿಗೆ ಮುಗಿಯಲಿ?

ಕಾಯುವ ದಿನಗಳಲ್ಲಿ ಈ ಲೇಸರಿನ ಬಗ್ಗೆ ಓದಿದೆ. ಒಂದು ಹೆಸರು ಮನಸ್ಸಿನಲ್ಲಿ ನಿಂತಿತು, ರಂಗಸ್ವಾಮಿ ಶ್ರೀನಿವಾಸನ್. ಮದ್ರಾಸಿನಲ್ಲಿ ಓದಿ, ಅಮೆರಿಕಕ್ಕೆ ಹೋಗಿ, ಐಬಿಎಂ ಎಂಬ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸಕ್ಕಿದ್ದ ವಿಜ್ಞಾನಿ. 1981ರ ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಲ್ಯಾಬಿಗೆ ತಂದು, ಅದರ ಮೇಲೆ 193 ನ್ಯಾನೋಮೀಟರಿನ ಎಕ್ಸೈಮರ್ ಎಂಬ ಅತಿನೇರಳೆ ಲೇಸರ್ ಹಾಯಿಸಿದರು. ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಈ ಕೆಲಸದಲ್ಲಿ ಜೊತೆಗಿದ್ದರು. ಲೇಸರ್ ಬಿದ್ದಷ್ಟೇ ಜಾಗ ಹೋಯಿತು, ಅಕ್ಕಪಕ್ಕ ಸುಡಲಿಲ್ಲ. 1983ರಲ್ಲಿ ಸ್ಟೀಫನ್ ಟ್ರೋಕೆಲ್ ಎಂಬ ಕಣ್ಣಿನ ಡಾಕ್ಟರ ಜೊತೆ ಸೇರಿ, ಇದು ಕಾರ್ನಿಯಾಕ್ಕೂ ಆಗುತ್ತದೆ ಎಂದು ಶ್ರೀನಿವಾಸನ್ ತೋರಿಸಿಕೊಟ್ಟರು. ನೋಡಿಯೇ ಇಲ್ಲದ ಈ ಎಲ್ಲರಿಗೂ ನನ್ನ ನಮಸ್ಕಾರ.

ಥಿಯೇಟರಿನಲ್ಲಿ ನನ್ನ ಪಕ್ಕ ನಿಂತಿದ್ದ ಸಿಸ್ಟರ್‌ಗೆ ವಿಶೇಷ ಥ್ಯಾಂಕ್ಸ್. ಮರಗಟ್ಟಿಸುವ ಡ್ರಾಪ್ಸ್ ಹಾಕಿ, ರೆಪ್ಪೆ ಮುಚ್ಚದ ಹಾಗೆ ಕ್ಲಿಪ್ ಇಟ್ಟರು. ಕಾರ್ನಿಯಾದ ಮೇಲ್ಚರ್ಮವನ್ನು ಮೆಲ್ಲಗೆ ಸವರಿ ತೆಗೆಯುವಾಗ ಎದುರಿನ ಹಸಿರು ದೀಪ ಕದಡಿ ಹರಡಿತು. "ದೀಪವನ್ನೇ ನೋಡಿ. ಟಕಟಕ ಶಬ್ದ ಬರ್ತದೆ, ಕೂದಲು ಸುಟ್ಟ ವಾಸನೆ ಬರ್ತದೆ, ಹೆದರಬೇಡಿ" ಎಂದು ಸಿಸ್ಟರ್ ಮೊದಲೇ ಹೇಳಿಟ್ಟಿದ್ದರು. ಶಬ್ದವೂ ಬಂತು, ವಾಸನೆಯೂ ಬಂತು, ಒಂದು ನಿಮಿಷದೊಳಗೆ ಮುಗಿಯಿತು. ಕಣ್ಣಿನ ಮೇಲೆ ತಣ್ಣನೆಯ ನೀರು ಹರಿಯಿತು, ಗಾಯ ಮುಚ್ಚಲು ಬ್ಯಾಂಡೇಜ್ ಲೆನ್ಸ್ ಇಟ್ಟರು. ಮೊದಲೇ ಗೊತ್ತಿದ್ದರಿಂದ ನಾನು ಒಮ್ಮೆಯೂ ಬೆಚ್ಚಲಿಲ್ಲ.

ಆಮೇಲಿನ ದಿನಗಳನ್ನು ದಾಟಿಸಿದ್ದು ಅಕ್ಕ. ಕಣ್ಣು ತೆರೆದರೆ ಉರಿ, ಮುಚ್ಚಿದರೂ ನೀರು. ಬಾಗಿಲ ಸಂದಿಯ ಬೆಳಕೂ ಚುಚ್ಚುತ್ತಿತ್ತು. ಭಾವ ಕಿಟಕಿಗೆ ಕಪ್ಪು ಬೆಡ್‌ಶೀಟ್ ಕಟ್ಟಿದರು. ಅಕ್ಕ ಡ್ರಾಪ್ಸಿನ ಹೆಸರು, ಹೊತ್ತು ಎಲ್ಲ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿ, ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದಳು. ಒಂದು ಡ್ರಾಪ್ ಹಾಕಿ 5 ನಿಮಿಷ ಬಿಟ್ಟು ಇನ್ನೊಂದು. ಸೋಪು ಹಾಕಿ ಕೈ ತೊಳೆದು, ನನ್ನ ಕೆಳರೆಪ್ಪೆಯನ್ನು ಒಂದೇ ಬೆರಳಲ್ಲಿ ಎಳೆದು, ಬಾಟಲಿಯ ತುದಿ ತಾಗದ ಹಾಗೆ ಹನಿ ಬೀಳಿಸುತ್ತಿದ್ದಳು. ಮಧ್ಯರಾತ್ರಿಯಲ್ಲೂ ಕೈ ನಡುಗಲಿಲ್ಲ. ಕತ್ತಲೆ ಕೋಣೆಯಲ್ಲಿ ಮಲಗಿದ್ದವಳಿಗೆ ನಮ್ಮ ಭಾಗವತರು ಪದ್ಯ ಹಾಡಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಸಂಘದ ಗೆಳತಿಯರು ಅದಕ್ಕೆ ಅರ್ಥ, ಅಂದರೆ ಪಾತ್ರದ ಮಾತು, ಹೇಳಿ ಕಳಿಸುತ್ತಿದ್ದರು. ನಾನು ಮಲಗಿದಲ್ಲೇ ಎದುರು ಅರ್ಥ ಹೇಳುತ್ತಿದ್ದೆ. ನೋವು ಮರೆತದ್ದು ಆ ಹೊತ್ತಿನಲ್ಲಿ ಮಾತ್ರ.

ದುಡ್ಡಿನ ವಿಷಯವನ್ನೂ ಹೇಳಬೇಕು. 7.5ಕ್ಕಿಂತ ಕಡಿಮೆ ಪವರಿಗೆ ಸಾಮಾನ್ಯವಾಗಿ ಆರೋಗ್ಯ ವಿಮೆಯಲ್ಲಿ ದುಡ್ಡು ಸಿಗುವುದಿಲ್ಲ, ನನಗೂ ಸಿಗಲಿಲ್ಲ. ಆ ತಿಂಗಳ ಚೀಟಿಯನ್ನು ನನಗೆ ಬಿಟ್ಟುಕೊಟ್ಟ ಸಹೋದ್ಯೋಗಿಗೆ, ಕಂಪ್ಯೂಟರ್ ಮುಂದೆ ಕಣ್ಣು ಒಣಗುತ್ತದೆ ಎಂದು ನನ್ನ ಎಂಟ್ರಿ ಕೆಲಸವನ್ನೂ ತಾನೇ ಮಾಡಿದವಳಿಗೆ, ರಜೆ ಕೊಟ್ಟ ಮ್ಯಾನೇಜರ್ ಸಾರ್‌ಗೆ ನಾನು ಚಿರಋಣಿ. ಸಂಘದವರೇ, ವೇಷವಿಲ್ಲದೆ ಕೂತು ಅರ್ಥ ಹೇಳುವ ಮಳೆಗಾಲದ ತಾಳಮದ್ದಳೆಗಳಲ್ಲಿ ನೀವು ನನ್ನನ್ನು ಕಪ್ಪು ಕನ್ನಡಕದಲ್ಲೇ ಕೂರಿಸಿ ಅರ್ಥ ಹೇಳಿಸಿದಿರಿ. ಬಣ್ಣ ಹಚ್ಚು ಎಂದು ಯಾರೂ ಒತ್ತಾಯ ಮಾಡಲಿಲ್ಲ.

ಒಂದು ಚಿಂತೆ ಇತ್ತು. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಹೋದಾಗ ಅವರ ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬಂದದ್ದು ನೆನಪಿದೆಯಲ್ಲ? ಕಾರ್ನಿಯಾದ ಮುಂದಿನ ಪದರ ಒಬ್ಬರಿಗೆ, ಹಿಂದಿನದು ಇನ್ನೊಬ್ಬರಿಗೆ ಹಾಕಿದ್ದರು. ಆಗ ನಾವೆಲ್ಲ ಒಟ್ಟಿಗೆ ನೇತ್ರದಾನಕ್ಕೆ ಹೆಸರು ಬರೆಸಿದ್ದೆವು. ಲೇಸರ್ ಆದ ಕಣ್ಣು ಬೇಡ ಎನ್ನುತ್ತಾರಾ ಎಂದು ಡಾಕ್ಟರನ್ನು ಕೇಳಿದೆ. ಮುಂದಿನ ಭಾಗ ಬಳಸುವುದಿಲ್ಲ, ಒಳಪದರ ಚೆನ್ನಾಗಿದ್ದರೆ ಅದನ್ನು ಕಸಿ ಮಾಡಬಹುದು ಎಂದರು. ನನ್ನ ಹೆಸರು ಪಟ್ಟಿಯಲ್ಲಿ ಹಾಗೇ ಇರಲಿ.

"ನಾನೂ ಮಾಡಿಸಲಾ?" ಎಂದು ಕೇಳುತ್ತಿರುವವರಿಗೆ ಮಾಡಿಸಿ ಎಂದೂ ಬೇಡ ಎಂದೂ ನಾನು ಹೇಳುವುದಿಲ್ಲ. ರೆಟಿನಾ ನೋಡಿಸದೆ ಮಾತ್ರ ಒಪ್ಪಬೇಡಿ. ಕಣ್ಣುಗುಡ್ಡೆಯ ಉದ್ದ ಲೇಸರಿನಿಂದ ಬದಲಾಗುವುದಿಲ್ಲ, ಹಾಗಾಗಿ ವರ್ಷಕ್ಕೊಮ್ಮೆ ನಾನು ರೆಟಿನಾ ತೋರಿಸಲೇಬೇಕು. ನಲವತ್ತು ದಾಟಿದರೆ ಚಾಳೀಸೂ ಬರುತ್ತದೆ. ರಾತ್ರಿ ವಾಹನಗಳ ಲೈಟಿನ ಸುತ್ತ ಸಣ್ಣ ಬಳೆ ಈಗಲೂ ಕಾಣುತ್ತದೆ, ಮೊದಲಿಗಿಂತ ಕಡಿಮೆ.

ಸಂಘದವರೇ, ದೀಪಾವಳಿ ಕಳೆದ ಮೇಲಿನ ಮೊದಲ ಆಟಕ್ಕೆ ಬಣ್ಣ ಹಚ್ಚಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅಭಿಮನ್ಯು ನನಗೇ ಇರಲಿ. ಭಾನುವಾರದಿಂದಲೇ ಅಭ್ಯಾಸಕ್ಕೆ ಬರುತ್ತೇನೆ. ಅಭ್ಯಾಸದ ಹಾಲ್‌ನ ಚಾವಿ ನನ್ನ ಹತ್ತಿರವೇ ಉಂಟು.