ಪಾಪು ನೋಡಲು ಬಂದವರು ದೊಡ್ಡ ಮಕ್ಕಳನ್ನೂ ಮಾತಾಡಿಸಿ

ಸಂಪಾದಕರೇ,

ದತ್ತು ಅಂದ ಕೂಡಲೇ ಮಕ್ಕಳಿಲ್ಲದ ಗಂಡ ಹೆಂಡತಿ, ಮಡಿಲಲ್ಲೊಂದು ಕೂಸು, ಅಷ್ಟೇ ಜನರ ಕಣ್ಣ ಮುಂದೆ ಬರುವುದು. ಮೊದಲೇ ದತ್ತು ಬಂದ ಮಕ್ಕಳಿರುವ ಮನೆಗೆ ಇನ್ನೊಂದು ಪಾಪು ಬಂದರೆ ಆ ಮಕ್ಕಳ ಮನಸ್ಸಲ್ಲಿ ಏನು ನಡೆಯುತ್ತದೆ ಅಂತ ಯಾರೂ ಕೇಳುವುದಿಲ್ಲ. ನಮ್ಮದು ಅಂಥ ಮನೆ. ಮಗಳಿಗೆ 11 ವರ್ಷ, ನಾಲ್ಕು ತುಂಬಿದ ಮೇಲೆ ಬಂದವಳು. ಮಗನಿಗೆ 8, ಬರುವಾಗಲೇ ಓಡಾಡುತ್ತಿದ್ದ. ಈಗ ಎಂಟು ತಿಂಗಳ ತಂಗಿ ಬಂದಿದ್ದಾಳೆ.

2022ರ ದತ್ತು ನಿಯಮದ ಪ್ರಕಾರ, ಈಗಾಗಲೇ ಇಬ್ಬರು ಮಕ್ಕಳಿರುವ ದಂಪತಿಗೆ ವಿಶೇಷ ಅಗತ್ಯದ ಮಗು ಅಥವಾ ಬೇಗ ಮನೆ ಸಿಗದ ಮಗುವನ್ನು ಮಾತ್ರ ಕೊಡುತ್ತಾರೆ. ನಮ್ಮ ಪಾಪುವಿನ ಪಾದ ಹುಟ್ಟುವಾಗಲೇ ಒಳಕ್ಕೆ ತಿರುಗಿತ್ತು. ಪ್ಲಾಸ್ಟರ್ ಹಾಕಿ ನೇರ ಮಾಡಿದ್ದಾರೆ, ಇನ್ನು ಕೆಲವು ವರ್ಷ ರಾತ್ರಿ ಹೊತ್ತು ನಡುವೆ ಪಟ್ಟಿ ಇರುವ ಬೂಟು ಹಾಕಬೇಕು. ಮಗ ಅದನ್ನು ನನಗಿಂತ ಚೆನ್ನಾಗಿ ಹಾಕುತ್ತಾನೆ.

ಕಷ್ಟ ಬೂಟಿನದಲ್ಲ. ಎಲ್ಲರ ಮೊಬೈಲ್ ತುಂಬ ಪಾಪುವಿನ ಫೋಟೊ. ಬೋರಲು ಬಿದ್ದಿದ್ದು, ಹಲ್ಲು ಬಂದಿದ್ದು, ಮೊದಲ ಸಲ ರಾಗಿ ಸರಿ ತಿಂದಿದ್ದು. ಒಂದು ರಾತ್ರಿ ದೊಡ್ಡವಳು ಕೇಳಿದಳು, 'ಅಮ್ಮಾ, ನಾನು ಇಷ್ಟೇ ಇದ್ದಾಗ ನನ್ನನ್ನ ಯಾರು ಎತ್ಕೊಳ್ತಿದ್ರು?' ನನಗೆ ಗೊತ್ತಿಲ್ಲ ಪುಟ್ಟಾ, ಅಂದೆ. ಬೇರೆ ಏನು ಹೇಳಲಿ, ಅದೇ ನಿಜ. ಅವಳಿಗೆ ಮೊದಲ ಹಲ್ಲು ಯಾವಾಗ ಬಂತು, ಮೊದಲ ಮಾತು ಏನು, ಹೇಳುವವರು ಯಾರೂ ಇಲ್ಲ. ತಂಗಿಯನ್ನು ಎತ್ತಿಕೊಂಡಾಗಲೆಲ್ಲ ತಾನು ಎಷ್ಟು ಚಿಕ್ಕವಳಿದ್ದೆ ಅನ್ನೋದು ಅವಳಿಗೆ ಹೊಸದಾಗಿ ಗೊತ್ತಾಗುತ್ತಿದೆ. ಮಗ ಅನ್ನ ಕಲಸಿ ತಿನ್ನಿಸು ಅಂತ ಹಟ ಮಾಡುತ್ತಾನೆ, ತಿನ್ನಿಸುತ್ತೇನೆ. ನೋಡಿದವರು ಹೊಟ್ಟೆಕಿಚ್ಚು ಅಂತಾರೆ. ಹಾಗಲ್ಲ, ಆಗ ಸಿಗದಿದ್ದದ್ದನ್ನು ಈಗ ಕೇಳುತ್ತಿದ್ದಾರೆ.

ಇಂಥ ಹೊತ್ತಲ್ಲಿ ಮನೆಗೆ ಬಂದವರು ಬಾಗಿಲಲ್ಲೇ 'ಇದನ್ನ ಎಲ್ಲಿಂದ ತಂದ್ರಿ, ತಾಯಿ ಯಾರಂತೆ, ಯಾಕೆ ಬಿಟ್ಟುಹೋದಳಂತೆ' ಅಂತ ಕೇಳಿದರೆ ಅದು ಪಾಪುವಿಗೆ ಅರ್ಥವಾಗುವುದಿಲ್ಲ, ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತಿರುವ ದೊಡ್ಡವಳಿಗೆ ಪೂರ್ತಿ ಅರ್ಥವಾಗುತ್ತದೆ. 'ದೊಡ್ಡ ಪುಣ್ಯದ ಕೆಲಸ ಮಾಡಿದ್ರಿ' ಅನ್ನುವುದೂ ಬೇಡ. ಮಗುವಿಗೆ ತಾನು ಯಾರದೋ ಪುಣ್ಯ ಅಂತ ಅನ್ನಿಸಬಾರದು. ಇನ್ನು ಆ 'ನಿನ್ನನ್ನ ತೌಡು ಕೊಟ್ಟು ತಂದಿದ್ದು' ಅನ್ನೋ ತಮಾಷೆ. ನಮ್ಮಲ್ಲಿ ಎಲ್ಲರೂ ಕೇಳಿಕೊಂಡೇ ಬೆಳೆದಿದ್ದೇವೆ, ನಗುತ್ತೇವೆ. ನನ್ನ ಮಗ ಅದನ್ನು ಕೇಳಿ ಊಟ ಬಿಟ್ಟು ಎದ್ದುಹೋದ. 'ಗಲಾಟೆ ಮಾಡಿದ್ರೆ ವಾಪಸ್ ಕಳಿಸ್ತಾರೆ ನೋಡು' ಅಂತಲೂ ಒಬ್ಬರು ಅಂದರು. ದಯವಿಟ್ಟು ಯಾವ ಮಗುವಿಗೂ ಹಾಗೆ ಹೇಳಬೇಡಿ. ದತ್ತು ಆದೇಶ ಆದ ದಿನದಿಂದ ಆ ಮಗು ಕಾನೂನಿನ ಪ್ರಕಾರವೂ ಪೂರ್ತಿ ನಮ್ಮ ಮಗು, ಹೊಟ್ಟೆಯಲ್ಲಿ ಹುಟ್ಟಿದಷ್ಟೇ. ದೊಡ್ಡವರಿಬ್ಬರದ್ದು ಕೋರ್ಟ್ ಆದೇಶ. 2022ರ ಸೆಪ್ಟೆಂಬರ್‌ನಿಂದ ಆ ಅಧಿಕಾರ ಜಿಲ್ಲಾಧಿಕಾರಿಗಳಿಗೆ ಬಂದಿರುವುದರಿಂದ ಚಿಕ್ಕವಳದ್ದು ಡಿಸಿ ಆದೇಶ. ಅಷ್ಟೇ ವ್ಯತ್ಯಾಸ.

ಅಧಿಕಾರಿಗಳಲ್ಲೂ ಒಂದು ಮಾತು ಕೇಳಬೇಕು. ದತ್ತಿಗೆ ಮುಂಚೆ ಮನೆಯಲ್ಲಿರುವ ಐದು ವರ್ಷ ದಾಟಿದ ಮಕ್ಕಳ ಒಪ್ಪಿಗೆ ಪಡೆಯುತ್ತಾರೆ, ಬಹಳ ಒಳ್ಳೆಯದು. ಆಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಪಾಪು ಹೇಗಿದೆ ಅಂತ ನೋಡಲು ಬರುತ್ತಾರೆ. ಆಗ ಅಕ್ಕ, ಅಣ್ಣನ ಜೊತೆಗೂ ಹತ್ತು ನಿಮಿಷ ಕೂತು ಮಾತಾಡಿ. ಸಾಧ್ಯವಾದರೆ ಆಪ್ತ ಸಮಾಲೋಚಕರನ್ನೂ ಕರೆತನ್ನಿ. ಫೈಲು ಹಿಡಿದು ಯಾರಾದರೂ ಬಂದರೆ ಈ ಮಕ್ಕಳಿಗೆ ಒಳಗೊಳಗೇ ಭಯ ಆಗುತ್ತದೆ, ಅದನ್ನು ತಂದೆತಾಯಿ ಒಬ್ಬರೇ ಹೋಗಲಾಡಿಸೋಕೆ ಆಗಲ್ಲ.

ಮುಂದಿನ ತಿಂಗಳು ನಾಮಕರಣ. ಹೆಸರು ಆರಿಸಿದ್ದು ಅಕ್ಕ, ಪಾಪುವಿನ ಕಿವಿಯಲ್ಲಿ ಹೇಳುವವಳೂ ಅವಳೇ. ಬರುವ ನೆಂಟರು ಪಾಪುವಿಗೆ ಬಟ್ಟೆ ತರದಿದ್ದರೂ ಪರವಾಗಿಲ್ಲ, ಸಿಕ್ಕಾಪಟ್ಟೆ ಬಂದಿವೆ. ಮೊದಲು ದೊಡ್ಡವರಿಬ್ಬರನ್ನು ಹೆಸರು ಹಿಡಿದು ಕರೆದು ಮಾತಾಡಿಸಿ.

(ಮಕ್ಕಳ ಗುರುತು ಹೊರಗೆ ಬರಬಾರದು, ಹಾಗಾಗಿ ನನ್ನ ಹೆಸರು ಹಾಕಬೇಡಿ.)

ಒಬ್ಬ ತಾಯಿ, ದಾವಣಗೆರೆ