‘ಜರ್ಮನಿ ಫ್ರೀ’ ಅನ್ನುವವರನ್ನು ಒಂದು ಪ್ರಶ್ನೆ ಕೇಳಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಅರ್ಧ ಪುಟದ ಜಾಹೀರಾತು ಬಂದಿತ್ತು. ‘ಜರ್ಮನಿಯಲ್ಲಿ ಉಚಿತ ಎಂ.ಎಸ್., ಸ್ಥಳದಲ್ಲೇ ಪ್ರವೇಶ’ ಅಂತ. ಸೋಮವಾರ ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುವಷ್ಟರಲ್ಲಿ ಒಬ್ಬ ಹುಡುಗ ಆ ಜಾಹೀರಾತನ್ನು ಕತ್ತರಿಸಿ, ಮಡಚಿ ಜೇಬಲ್ಲಿಟ್ಟುಕೊಂಡು ಬಂದು ನಿಂತಿದ್ದ. ಎಂಟು ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು, ತಲಾ ಮೂರು ಕಾಪಿ, ಎಲ್ಲಾ ಕಲರ್. ‘ಯಾವ ಯೂನಿವರ್ಸಿಟಿಗಪ್ಪಾ?’ ಅಂದೆ. ‘ಗೊತ್ತಿಲ್ಲ ಅಂಕಲ್, ಅವರೇ ಹೇಳ್ತಾರಂತೆ’ ಅಂದ. ಆ ಒಂದು ಮಾತಿಗೆ ಈ ಪತ್ರ.

ಹಾಸನದ ಸಾಲಗಾಮೆ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಇಪ್ಪತ್ಮೂರು ವರ್ಷವಾಯಿತು. 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೇ ರಸ್ತೆಯಲ್ಲಿರುವುದರಿಂದ ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಹುಡುಗ ಹುಡುಗಿಯರೇ. ಮೊದಲೆಲ್ಲ ಲ್ಯಾಬ್ ರೆಕಾರ್ಡು, ಪ್ರಾಜೆಕ್ಟ್ ರಿಪೋರ್ಟಿನ ಸ್ಪೈರಲ್ ಬೈಂಡಿಂಗ್ ಜಾಸ್ತಿ. ಈಗ ಪಾಸ್‌ಪೋರ್ಟು, ಟ್ರಾನ್ಸ್‌ಕ್ರಿಪ್ಟು, ಬ್ಯಾಂಕ್ ಸ್ಟೇಟ್‌ಮೆಂಟು. ಯಾರ ಮಗ ಯಾವ ದೇಶಕ್ಕೆ ಹೊರಟ ಅನ್ನುವುದು ಅವರ ನೆಂಟರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ!

ಇಷ್ಟೆಲ್ಲ ಕಾಗದ ನೋಡಿದ ನಾನೇ ಬೇಸ್ತು ಬಿದ್ದ ಕತೆ ಹೇಳುತ್ತೇನೆ.

ನನ್ನ ಮಗಳು 2023ರಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿದಳು. ಹೊರಗೆ ಹೋಗಿ ಓದಬೇಕು ಅನ್ನುವುದು ಅವಳ ಆಸೆ. ಬಿ.ಎಂ. ರಸ್ತೆಯ ಒಂದು ಹೋಟೆಲಿನ ಹಾಲಿನಲ್ಲಿ ‘ವಿದೇಶ ಶಿಕ್ಷಣ ಮೇಳ’ ಇತ್ತು. ಕನ್ಸಲ್ಟೆನ್ಸಿಯ ಹೆಸರು ಬೇಡ. ಕಾಫಿ, ಬೋಂಡಾ ಕೊಟ್ಟರು. ಟೈ ಕಟ್ಟಿದ ಹುಡುಗನೊಬ್ಬ ‘ಸರ್, ಜರ್ಮನಿಯಲ್ಲಿ ಫೀಸೇ ಇಲ್ಲ, ಮಗಳಿಗೆ ಗ್ಯಾರಂಟಿ ಸೀಟು’ ಅಂದ. ನಾನು ಹಿಂದೆ ಮುಂದೆ ನೋಡದೆ ಅದೇ ಸಂಜೆ ಇಪ್ಪತ್ತೈದು ಸಾವಿರ ಕಟ್ಟಿ ಬಂದೆ. ಇಪ್ಪತ್ತು ದಿನಕ್ಕೆ ಆಫರ್ ಲೆಟರ್ ಬಂತು. ಹೆಂಡತಿ ಹಾಸನಾಂಬೆ ಗುಡಿಗೆ ಹೋದಳು. ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ಆದರೂ ಮುಚ್ಚಿದ ಬಾಗಿಲಿಗೇ ಕೈಮುಗಿದು ಬಂದಳು.

ಲೆಟರಿನದು ಮೂರು ಪುಟ. ಬ್ಯಾಂಕಿಗೆ ಕೊಡಲು ನಾನೇ ಸ್ಕ್ಯಾನ್ ಮಾಡುತ್ತಿದ್ದೆ. ಮೂರನೇ ಪುಟವನ್ನು ಗಾಜಿನ ಮೇಲೆ ಇಡುವಾಗ ಮಗಳು ‘ತಡಿಯಪ್ಪ’ ಅಂದು ಕೈ ಹಿಡಿದಳು. ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ವರ್ಷಕ್ಕೆ ಹದಿಮೂರು ಸಾವಿರ ಯೂರೋ ಬೋಧನಾ ಶುಲ್ಕ ಅಂತ ಇತ್ತು. ನಮ್ಮ ದುಡ್ಡಲ್ಲಿ ಹನ್ನೆರಡು ಲಕ್ಷದ ಹತ್ತಿರ. ‘ಅಪ್ಪ, ಇದು ಸರ್ಕಾರಿ ಯೂನಿವರ್ಸಿಟಿ ಅಲ್ಲ, ಪ್ರೈವೇಟು.’ ಕೇಳಲು ಹೋದರೆ ಅದೇ ಟೈ ಹುಡುಗ, ‘ಸರ್ಕಾರಿದು ಸಿಗೋದು ಬಹಳ ಕಷ್ಟ ಸರ್, ಇದಾದ್ರೆ ಪಕ್ಕಾ’ ಅಂದ. ಮುಂಗಡ ವಾಪಸ್ ಬರಲಿಲ್ಲ.

ಪ್ರೈವೇಟು ಅಂದರೆ ಮೋಸ ಅಂತ ನಾನು ಹೇಳುತ್ತಿಲ್ಲ. ಅವುಗಳಲ್ಲೂ ಅಲ್ಲಿನ ಸರ್ಕಾರದ ಮಾನ್ಯತೆ ಇರುವವು ಇವೆ. ಆದರೆ ‘ಉಚಿತ’ ಅಂತ ಕರೆದು ಅದನ್ನು ಕೊಡುವುದು ಯಾವ ನ್ಯಾಯ? ಆಮೇಲೆ ತಿಳಿದದ್ದು ಇಷ್ಟು. ಕನ್ಸಲ್ಟೆನ್ಸಿಗಳಿಗೆ ಒಬ್ಬೊಬ್ಬ ವಿದ್ಯಾರ್ಥಿಗೆ ಇಷ್ಟು ಅಂತ ಕಮಿಷನ್ ಬರುವುದು ಅವರ ಜೊತೆ ಒಪ್ಪಂದ ಇರುವ ಕಾಲೇಜುಗಳಿಂದ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಕಮಿಷನ್ ಕೊಡುವುದಿಲ್ಲ. ಅಂದ ಮೇಲೆ ಅವರು ಯಾಕೆ ಆ ಹೆಸರು ಎತ್ತುತ್ತಾರೆ? ಅಂಗಡಿ ಇಟ್ಟವನು ನಾನು, ವ್ಯಾಪಾರ ನನಗೂ ಅರ್ಥವಾಗುತ್ತದೆ. ಆದರೆ ‘ನನ್ನ ಮಗಳನ್ನು ಸೇರಿಸಿದರೆ ನಿಮಗೆ ದುಡ್ಡು ಕೊಡುವವರು ಯಾರು?’ ಅಂತ ಬೋಂಡಾ ತಿನ್ನುವ ಮೊದಲೇ ಕೇಳಬೇಕಿತ್ತು.

ಅಲ್ಲಿಂದ ಮುಂದೆ ಎಲ್ಲವನ್ನೂ ಮಗಳೇ ಮಾಡಿದಳು. ಜರ್ಮನಿಯ ವಿಶ್ವವಿದ್ಯಾಲಯಗಳ ಕುಲಪತಿಗಳ ಒಕ್ಕೂಟ ನಡೆಸುವ ‘ಹೋಖ್‌ಶೂಲ್‌ಕೊಂಪಾಸ್’ ಅನ್ನುವ ತಾಣದಲ್ಲಿ ಯಾವುದು ಸರ್ಕಾರಿ, ಯಾವುದು ಖಾಸಗಿ ಅಂತ ಬಿಡಿಸಿ ಹಾಕಿದ್ದಾರೆ. ಡಾಡ್ (DAAD) ಅನ್ನುವ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯ ತಾಣದಲ್ಲಿ ಇಂಗ್ಲಿಷಿನಲ್ಲಿ ಕಲಿಸುವ ಕೋರ್ಸುಗಳ ಪಟ್ಟಿ ಇದೆ. ಎರಡಕ್ಕೂ ಬಿಡಿಗಾಸು ಕೊಡಬೇಕಿಲ್ಲ. ನಮ್ಮ ಪದವಿ ಅಸಲಿಯೋ ಅಲ್ಲವೋ ನೋಡುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರಿನಿಂದ ಭಾರತೀಯರಿಗೆ ಕಡ್ಡಾಯ. ಅದಕ್ಕೆ ಹದಿನೆಂಟು ಸಾವಿರ ರೂಪಾಯಿ.

ಒಂದು ತಮಾಷೆ ಹೇಳಲೇಬೇಕು. ನಮ್ಮಲ್ಲಿ ಅಂಕ ಏರಿದಷ್ಟೂ ಒಳ್ಳೆಯದು, ಜರ್ಮನಿಯಲ್ಲಿ ಉಲ್ಟಾ. 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸು. ಬವೇರಿಯನ್ ಸೂತ್ರ ಅಂತ ಒಂದಿದೆ. ಗರಿಷ್ಠ ಅಂಕದಲ್ಲಿ ನಮ್ಮ ಅಂಕ ಕಳೆದು, ಅದನ್ನು ಗರಿಷ್ಠಕ್ಕೂ ಪಾಸ್ ಅಂಕಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ಮಗಳದು ಹತ್ತಕ್ಕೆ 8.2. ಪಾಸ್ ಅಂಕ 5 ಅಂತ ಹಿಡಿದರೆ 2.08 ಬರುತ್ತದೆ. 4 ಅಂತ ಹಿಡಿದರೆ 1.9. ಅವಳು ನೋಡಿಟ್ಟಿದ್ದ ಒಂದು ಕೋರ್ಸಿಗೆ 2ರ ಒಳಗಿರಬೇಕಿತ್ತು. ಅಂದರೆ ನಾಲ್ಕು ವರ್ಷ ಓದಿದ್ದೆಲ್ಲ ಒಂದು ಕಡೆ, ‘ನಮ್ಮಲ್ಲಿ ಪಾಸಾಗಲು ಬೇಕಾದ ಗ್ರೇಡ್ ಪಾಯಿಂಟ್ 4’ ಅನ್ನುವ ಒಂದು ಸಾಲಿನ ಕಾಗದ ಇನ್ನೊಂದು ಕಡೆ. ಕಾಲೇಜಿನ ಕಚೇರಿಯಲ್ಲಿ ಅಂಥ ಕಾಗದದ ನಮೂನೆಯೇ ಇರಲಿಲ್ಲ. ಕೊನೆಗೆ ನಾನೇ ಟೈಪ್ ಮಾಡಿ, ಮಗಳು ನಾಲ್ಕು ಸಲ ಓಡಾಡಿ ಸಹಿ, ಸೀಲು ಹಾಕಿಸಿಕೊಂಡು ಬಂದಳು. ಎಂಟು ಸೆಮಿಸ್ಟರಿನ ಸಿಲೆಬಸ್ಸನ್ನೂ ಕೇಳಿದ್ದರು. ಇನ್ನೂರ ಹತ್ತು ಪುಟ. ಅಪ್ಪನದೇ ಅಂಗಡಿ ಇದ್ದದ್ದಕ್ಕೆ ಬಚಾವು.

2024ರ ಮೇ ಹೊತ್ತಿಗೆ ಮೂರು ಕಡೆ ಸೀಟು ಸಿಕ್ಕಿತ್ತು. ಸ್ಟುಟ್‌ಗಾರ್ಟ್, ಕೆಮ್ನಿಟ್ಸ್, ಎರಡೂ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು, ಆಮೇಲೆ ಅಮೆರಿಕದ ಒಂದು ಸ್ಟೇಟ್ ಯೂನಿವರ್ಸಿಟಿ. ರಾತ್ರಿ ಒಂಬತ್ತಕ್ಕೆ ಶಟರ್ ಅರ್ಧ ಇಳಿಸಿ, ಮೂರು ಲೆಟರನ್ನೂ ಕೌಂಟರಿನ ಮೇಲೆ ಹರಡಿಕೊಂಡು ಕೂತೆವು.

ನಾನು ಅಮೆರಿಕದ ಪರ. ಯಾಕೆ ಅಂದರೆ ನಮ್ಮ ಬೀದಿಯಲ್ಲಿ ಮೂರು ಮನೆಯ ಮಕ್ಕಳು ಅಲ್ಲಿದ್ದಾರೆ, ಅಷ್ಟೇ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಿಲ್ಲ, ಹೆಚ್ಚಿನ ಅಪ್ಪಂದಿರು ಆರಿಸುವುದು ಹೀಗೇ ಅಲ್ವಾ? ವೀಸಾಕ್ಕೆ ಅಂತ ಆ ಯೂನಿವರ್ಸಿಟಿ ಕೊಡುವ ಐ-20 ಅನ್ನುವ ಕಾಗದದಲ್ಲಿ ಒಂದು ವರ್ಷದ ಖರ್ಚು ನಲವತ್ತಮೂರು ಸಾವಿರ ಡಾಲರ್ ಅಂತ ಬರೆದಿತ್ತು. ಓದು ಮುಗಿದ ಮೇಲೆ ಒಪಿಟಿ ಅಂತ 12 ತಿಂಗಳು, ಎಂಜಿನಿಯರಿಂಗಿನವರಿಗೆ ಇನ್ನೂ 24 ತಿಂಗಳು ಕೆಲಸ ಮಾಡಬಹುದು. ಅದರ ಮೇಲೆ ಎಚ್‌-1ಬಿ ಅನ್ನುವ ಕೆಲಸದ ವೀಸಾಕ್ಕೆ ಲಾಟರಿ, ವರ್ಷಕ್ಕೆ 85 ಸಾವಿರ ಮಂದಿಗೆ. ‘ಎಪ್ಪತ್ತು ಲಕ್ಷ ಸಾಲ ಮಾಡಿ ಲಾಟರಿ ಟಿಕೆಟ್ ತಗೊಳ್ಳೋದಾ ಅಪ್ಪ?’ ಅಂದಳು. ನನಗೆ ಕೋಪವೇ ಬಂತು. ಮರುವರ್ಷ ಸೆಪ್ಟೆಂಬರಿನಲ್ಲಿ ಹೊಸ ಎಚ್‌-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ನಿಮ್ಮ ಪತ್ರಿಕೆಯ ಮುಖಪುಟದಲ್ಲೇ ಓದಿದಾಗ ಸುಮ್ನೆ ಪೇಪರ್ ಮಡಚಿಟ್ಟೆ.

ಸರಿ, ಸ್ಟುಟ್‌ಗಾರ್ಟ್ ಅಂದೆ. ಬಾಷ್, ಬೆಂಜ್, ಪೋರ್ಷೆ ಎಲ್ಲ ಆ ಸುತ್ತಮುತ್ತಲೇ ಇವೆ, ಹೆಸರು ಹೇಳಿದರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ಕೆಮ್ನಿಟ್ಸ್ ಹೆಸರು ನನ್ನ ನಾಲಿಗೆಗೇ ಹೊರಳುತ್ತಿರಲಿಲ್ಲ. ಹಿಂದೆ ಅದಕ್ಕೆ ಕಾರ್ಲ್ ಮಾರ್ಕ್ಸ್ ನಗರ ಅಂತ ಹೆಸರಿತ್ತಂತೆ, ಊರಿನ ನಡುವೆ ಈಗಲೂ ಏಳು ಮೀಟರ್ ಎತ್ತರದ ಮಾರ್ಕ್ಸ್ ತಲೆ ಇದೆಯಂತೆ.

ಮಗಳು ರ್‍ಯಾಂಕಿಂಗ್ ಪಟ್ಟಿ ತೆಗೆಯಲೇ ಇಲ್ಲ. ಎರಡೂ ಕೋರ್ಸಿನ ವಿಷಯಗಳ ಪಟ್ಟಿಯನ್ನು ಪ್ರಿಂಟ್ ಹಾಕಿ, ತನಗೆ ಬೇಕಾದ್ದಕ್ಕೆ ಹಸಿರು, ಬೇಡದ್ದಕ್ಕೆ ಕೆಂಪು ಗೀಟು ಎಳೆದಳು. ಸ್ಟುಟ್‌ಗಾರ್ಟಿನದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮೆಕ್ಯಾನಿಕ್ಸ್, ಗಣಿತ ಜಾಸ್ತಿ. ಕೆಮ್ನಿಟ್ಸಿನದು ಅಡ್ವಾನ್ಸ್‌ಡ್ ಮ್ಯಾನುಫ್ಯಾಕ್ಚರಿಂಗ್. ಯಂತ್ರದ ಮುಂದೆ ನಿಂತು ಲೋಹ ಕೊರೆಯುವುದು, ಬಗ್ಗಿಸುವುದು, ಒತ್ತುವುದು. ಬಿ.ಇ. ಓದುವಾಗ ವರ್ಕ್‌ಶಾಪಿನ ಲೇತ್ ಬಿಟ್ಟು ಮನೆಗೆ ಬರಲು ಒಪ್ಪದ ಹುಡುಗಿ ಅವಳು. ಅವಳ ಬಟ್ಟೆಯಿಂದ ಕೂಲೆಂಟ್ ವಾಸನೆ ಹೋಗುತ್ತಿರಲಿಲ್ಲ. ಯಂತ್ರೋಪಕರಣಗಳ ಮೇಲೆ ಸಂಶೋಧನೆ ಮಾಡುವ ಫ್ರಾನ್‌ಹೋಫರ್ ಸಂಸ್ಥೆಯ ಕೇಂದ್ರ ಇರುವುದೂ ಕೆಮ್ನಿಟ್ಸಿನಲ್ಲೇ. ಇಷ್ಟು ಸಾಕಾಯಿತು ಅವಳಿಗೆ.

ದುಡ್ಡಿನ ಲೆಕ್ಕವೂ ಅತ್ತಲೇ ವಾಲಿತು. ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಇದೆ. ನಾಲ್ಕು ಸೆಮಿಸ್ಟರಿಗೆ ಆರು ಸಾವಿರ. ಸರ್ಕಾರಿದೆಲ್ಲ ಉಚಿತ ಅನ್ನುವುದೂ ಪೂರ್ತಿ ನಿಜವಲ್ಲ ನೋಡಿ. ಹೆಸರಾಂತ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ ಕೂಡ ಅದೇ 2024ರ ಚಳಿಗಾಲದಿಂದ ನಮ್ಮಂಥವರಿಂದ ಮಾಸ್ಟರ್ಸಿಗೆ ಸೆಮಿಸ್ಟರಿಗೆ ನಾಲ್ಕರಿಂದ ಆರು ಸಾವಿರ ಯೂರೋ ತೆಗೆದುಕೊಳ್ಳಲು ಶುರು ಮಾಡಿತು. ಕೆಮ್ನಿಟ್ಸಿನಲ್ಲಿ ಮಗಳು ಸೇರುವಾಗ ಕಟ್ಟಿದ್ದು ಬಸ್ ಪಾಸೂ ಸೇರಿದ ಸೆಮಿಸ್ಟರ್ ವಂತಿಗೆ ಮಾತ್ರ. ಬಾಡಿಗೆಯೂ ಕಡಿಮೆ.

ಜರ್ಮನಿಯ ವೀಸಾಕ್ಕೆ ತೋರಿಸಬೇಕಾದ ಬ್ಲಾಕ್ಡ್ ಅಕೌಂಟ್ ಬಗ್ಗೆ ನಮ್ಮ ಕಡೆ ಬಹಳ ಗೊಂದಲ ಇದೆ. ಅದು ಫೀಸಲ್ಲ. ಒಂದು ವರ್ಷದ ಊಟ, ಬಾಡಿಗೆಗೆ ಅಂತ ಮೊದಲೇ ಇಡುವ ನಮ್ಮದೇ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ಮಕ್ಕಳ ಕೈಗೇ ಬರುತ್ತದೆ. ನಾವು ಇಟ್ಟಾಗ 11,208 ಯೂರೋ ಇತ್ತು, ನಾವಿಟ್ಟ ಸ್ವಲ್ಪ ದಿನಕ್ಕೇ 11,904 ಆಯಿತು. ಅದಕ್ಕೆ ಸಾಲ ಕೇಳಲು ಅರಸೀಕೆರೆ ಹತ್ತಿರದ ನಮ್ಮ ತೆಂಗಿನ ತೋಟದ ಪಹಣಿ ಹಿಡಿದು ಬ್ಯಾಂಕಿಗೆ ಹೋದರೆ, ‘ಯಜಮಾನ್ರೇ, ಕೃಷಿ ಜಮೀನು ಆಗಲ್ಲ, ಸೈಟಿದ್ರೆ ಖಾತಾ, ಇಸಿ ತನ್ನಿ’ ಅಂದರು. ಮೂವತ್ತು ನಲವತ್ತರ ಸೈಟೊಂದಿತ್ತು, ಬಚಾವಾದೆ. ಸಕಲೇಶಪುರ, ಮೂಡಿಗೆರೆ ಕಡೆಯ ಬೆಳೆಗಾರರು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ವೀಸಾ ದಿನ ಹತ್ತಿರ ಬಂದಾಗ ತೋಟದ ಕಾಗದ ಹಿಡಿದು ಅಲೆಯುವುದನ್ನು ನಾನು ನೋಡಿದ್ದೇನೆ.

ಮಗಳ ಬದುಕು ಅಲ್ಲಿ ಹೂವಿನ ಹಾಸಿಗೆಯೇನಲ್ಲ. ಪಾಠ ಇಂಗ್ಲಿಷಿನಲ್ಲಿ, ಆದರೆ ಕೆಲಸ ಹುಡುಕಲು ಹೊರಟರೆ ಎಲ್ಲರೂ ಜರ್ಮನ್ ಕೇಳುತ್ತಾರೆ. ಇಲ್ಲಿಂದಲೇ ಕಲಿತು ಹೋಗಬೇಕಿತ್ತು ಅಂತ ಪ್ರತಿ ಫೋನಿನಲ್ಲೂ ಹೇಳುತ್ತಾಳೆ. ವಾರಕ್ಕೆ ಕೆಲವು ಗಂಟೆ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದಂತೆ. ನನಗಂತೂ ‘ಸ್ಟುಟ್‌ಗಾರ್ಟ್’ ಅಂತ ಹೇಳಿಕೊಳ್ಳಲಾಗಲಿಲ್ಲ ಅಂತ ಇವತ್ತಿಗೂ ಸ್ವಲ್ಪ ಬೇಜಾರಿದೆ. ಅದು ನನ್ನ ಬೇಜಾರು, ಅವಳದಲ್ಲ.

ಸಂಪಾದಕರೇ, ಜಾಹೀರಾತು ನಿಮಗೆ ಅನ್ನ, ಬೇಡ ಅನ್ನುವುದಿಲ್ಲ. ಆದರೆ ‘ಉಚಿತ’ ಅಂತ ಅಚ್ಚು ಹಾಕುವವರು ಯಾವ ವಿಶ್ವವಿದ್ಯಾಲಯ, ಸರ್ಕಾರಿಯೋ ಖಾಸಗಿಯೋ, ವರ್ಷಕ್ಕೆ ಫೀಸೆಷ್ಟು ಅನ್ನುವುದನ್ನೂ ಅದೇ ದಪ್ಪ ಅಕ್ಷರದಲ್ಲಿ ಹಾಕಲಿ ಅಂತ ನೀವು ಕೇಳಬಹುದಲ್ಲ? ನಮ್ಮ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳು ಪಾಸ್ ಅಂಕದ ಪತ್ರದ ನಮೂನೆ ಮತ್ತು ಸಿಲೆಬಸ್ಸಿನ ಪಿಡಿಎಫ್ ತಯಾರಿಟ್ಟರೆ ಮಕ್ಕಳ ನಾಲ್ಕು ಓಡಾಟ ತಪ್ಪುತ್ತದೆ. ನನ್ನ ಅಂಗಡಿಗೆ ಇನ್ನೂರು ಪುಟದ ವ್ಯಾಪಾರ ಕಡಿಮೆಯಾಗುತ್ತದೆ, ಪರವಾಗಿಲ್ಲ.

ಸೋಮವಾರ ಬಂದ ಹುಡುಗನಿಗೆ ಕಲರ್ ಕಾಪಿ ಒಂದೊಂದೇ ಸಾಕು ಅಂದೆ. ಆಫರ್ ಲೆಟರ್ ಬಂದರೆ ದುಡ್ಡು ಕಟ್ಟುವ ಮೊದಲು ಮೂರೂ ಪುಟ ಹಿಡಿದುಕೊಂಡು ಬಾ, ಸ್ಕ್ಯಾನಿಗೆ ಕಾಸು ಬೇಡ ಅಂತ ಹೇಳಿ ಕಳಿಸಿದ್ದೇನೆ.

ಇತಿ,
ಜೆರಾಕ್ಸ್ ಅಂಗಡಿಯವ,
ಸಾಲಗಾಮೆ ರಸ್ತೆ, ಹಾಸನ